ಮೊದಲಿನಿಂದಲೂ ಇದ್ದ ಶಬ್ದ

ನಮ್ಮವರದು ಬಣ್ಣದಂಗಡಿ. ಗೋಡೆಗೆ ಬಳಿಯುವ ಬಣ್ಣ, ಗೇಟಿಗೆ ಬಳಿಯುವ ಬಣ್ಣ, ಮರಕ್ಕೆ ಹಚ್ಚುವ ವಾರ್ನಿಶ್, ಬ್ರಷ್ಷು, ಉಪ್ಪುಕಾಗದ ಎಲ್ಲವೂ ಸಿಗುತ್ತದೆ. ಹೊಸ ಮಾಲು ಬಂದ ದಿನ ಅವರು ಮಾಡುವ ಮೊದಲ ಕೆಲಸವೆಂದರೆ ಒಂದು ಡಬ್ಬಿಯ ಮುಚ್ಚಳ ತೆಗೆದು, ಕಡ್ಡಿ ಅದ್ದಿ, ಮೇಲೆತ್ತಿ ಹಿಡಿಯುವುದು. ಬಣ್ಣ ದಾರದ ಹಾಗೆ ಇಳಿದು, ಕೊನೆಯ ಹನಿ ಬೀಳಲೋ ಬೇಡವೋ ಎಂದು ಯೋಚಿಸುತ್ತಾ ನಿಂತರೆ ಮಾಲು ಒಳ್ಳೆಯದು. ಟಪಟಪ ತೊಟ್ಟಿಕ್ಕಿದರೆ ನಡುದಾರಿಯಲ್ಲಿ ಯಾರೋ ಬಣ್ಣ ತೆಳುಮಾಡುವ ತಿನ್ನರ್ ಬೆರೆಸಿದ್ದಾರೆ ಎಂದರ್ಥ, ಡಬ್ಬಿ ವಾಪಸ್. ಈ ವಿದ್ಯೆಯಲ್ಲಿ ಅವರು ಮೋಸಹೋದದ್ದನ್ನು ನಾನು ಕಂಡಿಲ್ಲ. ಪೇಂಟರುಗಳು ಬೆನ್ನ ಹಿಂದೆ ಅವರನ್ನು ಕಡ್ಡಿ ಸಾಹುಕಾರ ಎನ್ನುತ್ತಾರೆ. ಅದು ಅವರ ಕಿವಿಗೂ ಬಿದ್ದಿದೆ, ಬಿರುದು ಸಿಕ್ಕಷ್ಟು ಖುಷಿಯೂ ಆಗಿದೆ.

ಅಂಗಡಿಯ ಬುದ್ಧಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅದನ್ನು ಮನೆಗೂ ತಂದರು. ಹಾಲು ತೆಳ್ಳಗಿದ್ದರೆ ಹಾಲಿನವನು ಕಳ್ಳ. ಟವೆಲ್ ತೆಳ್ಳಗಿದ್ದರೆ ನೇಯ್ದವನು ಕಳ್ಳ. ಕೈ ತೊಳೆಯುವ ಸೋಪು ಸ್ವಲ್ಪ ನೀರಾಗಿದ್ದರೂ ಕಂಪನಿಯೇ ಕಳ್ಳ. ಮದುವೆಯ ಹೊತ್ತಿಗೆ ನಾನೂ ಕಡ್ಡಿಯ ಹಾಗೆ ತೆಳ್ಳಗಿದ್ದೆ. ಆ ಒಂದು ವಿಷಯದಲ್ಲಿ ಹೇಗೆ ರಾಜಿಯಾದರೋ ದೇವರಿಗೇ ಗೊತ್ತು.

ನನ್ನ ಅಪ್ಪನದು ಬೇರೆಯೇ ಬಗೆ. ಅವರು ಗಡಿಯಾರ ರಿಪೇರಿ ಮಾಡುವವರು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಬೀಗದ ಕೀ ಮಾಡುವವನ ಪಕ್ಕದಲ್ಲಿ, ಬಾಗಿಲಷ್ಟೇ ಅಗಲದ ಅಂಗಡಿ. ಗೋಡೆ ಗಡಿಯಾರ ಬಂತೆಂದರೆ ಅಪ್ಪ ಮೊದಲು ಬಿಚ್ಚುವುದಿಲ್ಲ, ಕಣ್ಣು ಮುಚ್ಚಿ ಅದಕ್ಕೆ ಕಿವಿ ಹಚ್ಚುತ್ತಾರೆ. ಗಡಿಯಾರಕ್ಕೂ ಕುಂಟು ಬರುತ್ತದಂತೆ. ಟಿಕ್ ಆದ ಮೇಲೆ ಟಾಕ್ ಬರಲು ಎಷ್ಟು ಹೊತ್ತೋ, ಟಾಕ್ ಆದ ಮೇಲೆ ಟಿಕ್ ಬರಲೂ ಅಷ್ಟೇ ಹೊತ್ತಾಗಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅದು ಕುಂಟುತ್ತಾ ಕುಂಟುತ್ತಾ ಒಂದು ದಿನ ನಿಂತೇಬಿಡುತ್ತದೆ. ಆ ಕುಂಟನ್ನು ಹಿಡಿಯಲು ಈಗ ಮಿಷಿನ್ನು ಬಂದಿದೆ, ಅಪ್ಪ ಕೊಂಡಿಲ್ಲ. "ನನ್ನ ಕಿವಿ ಇರೋವರೆಗೂ ಬೇಡ" ಎನ್ನುತ್ತಿದ್ದರು. ಅಮ್ಮ ಮಾತ್ರ, "ಗಡಿಯಾರ ಕುಂಟೋದು ಕೇಳತ್ತೆ, ನಾನು ಗಂಟಲು ಹರಿದುಕೊಳ್ಳೋದು ಕೇಳಲ್ಲ" ಎಂದು ಮೂತಿ ತಿರುವುತ್ತಿದ್ದಳು.

ಅಪ್ಪನಿಗೊಂದು ಕಾರಿತ್ತು. ಮಂಡಿ ನೋವು ಹೆಚ್ಚಾಗಿ ಕ್ಲಚ್ ಒತ್ತುವುದು ಕಷ್ಟವಾದಾಗ ಒಂದು ಸಂಜೆ ಬಂದು ಕೀಲಿಯನ್ನು ನಮ್ಮವರ ಕೈಗಿಟ್ಟರು. ಕೊಂಡುಕೊಳ್ಳುತ್ತೇವೆ ಎಂದು ಹಿಂದೆ ಬಿದ್ದವರಿದ್ದರು, ಕೊಡಲಿಲ್ಲ. ಮಗಳು ಅಳಿಯ ಓಡಾಡಲಿ ಎಂದು ಕೊಟ್ಟರು.

"ಎಣ್ಣೆ ಬದಲಾಯಿಸೋ ಹೊತ್ತು ಬಂದಿದೆ ಅಳಿಯಂದ್ರೇ. ಗಾಡಿ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದನ್ನೇ ಹಾಕ್ಸಿ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡ್ದಾಗ ಒಂದು ಶಬ್ದ ಇಲ್ಲ ನೋಡಿ ಇದರಲ್ಲಿ. ಬೆಕ್ಕು ಎದ್ದ ಹಾಗೆ ಏಳತ್ತೆ" ಎಂದರು. ಹೊಗಳಿದ್ದು ಗಾಡಿಯನ್ನೋ ತಮ್ಮ ಕಿವಿಯನ್ನೋ ನನಗೆ ತಿಳಿಯಲಿಲ್ಲ. ಎರಡೂ ಅವರಿಗೆ ಒಂದೇ ಆಗಿತ್ತು ಎಂದು ಈಗ ಅನಿಸುತ್ತದೆ.

ಆ ವಾರದಲ್ಲೇ ನಾವಿಬ್ಬರೂ ಬಿಡಿಭಾಗದ ಅಂಗಡಿಗೆ ಹೋದೆವು. ಅದನ್ನು ನಡೆಸುವಾಕೆಯನ್ನು ಊರೆಲ್ಲ ಬೋಲ್ಟಕ್ಕ ಎಂದೇ ಕರೆಯುವುದು. ಕೌಂಟರಿನ ಹಿಂದೆ ಎತ್ತರದ ಸ್ಟೂಲು, ಮೇಲೆ ಅವಳು, ಸುತ್ತ ಬೆಲ್ಟು, ಪ್ಲಗ್ಗು, ಬೇರಿಂಗು. ಗಾಡಿಯ ಹೆಸರು ಕೇಳಿ, ಪುಸ್ತಕ ತಿರುವಿ, ಒಂದು ಕ್ಯಾನ್ ತಂದಿಟ್ಟಳು. ನಮ್ಮವರು ಮುಚ್ಚಳ ತಿರುಗಿಸಿ ತೆಗೆದರು. ಕೌಂಟರಿನ ಮೇಲಿದ್ದ ಪೆನ್ಸಿಲ್ಲನ್ನೇ ಅದ್ದಿ ಮೇಲೆತ್ತಿದರು. ಎಣ್ಣೆ ಸರಸರ ಇಳಿದು ಟಪಟಪ ತೊಟ್ಟಿಕ್ಕಿತು. ನಮ್ಮವರ ಮುಖ ಗಂಟಾಯಿತು.

"ಇದೇನ್ರೀ ಇದು? ಎಣ್ಣೆನೋ ನೀರೋ?"

"ಎಣ್ಣೆನೇ. ಮೊದ್ಲು ಆ ಪೆನ್ಸಿಲ್ ಒರೆಸಿ ಕೊಡಿ" ಎಂದಳು ಬೋಲ್ಟಕ್ಕ. "ಇಲ್ನೋಡಿ, ಡಬ್ಲ್ಯೂ ಅನ್ನೋ ಅಕ್ಷರದ ಮುಂಚೆ ಐದು ಅಂತಿದೆಯಲ್ಲ, ಅದು ಚಳಿಯ ಲೆಕ್ಕ. ಅದು ಚಿಕ್ಕದಿದ್ದಷ್ಟೂ ಚಳೀಲಿ ಬೇಗ ಹರಿಯತ್ತೆ. ಗಾಡಿ ರಾತ್ರಿಯೆಲ್ಲಾ ನಿಂತಿರತ್ತೆ, ಎಣ್ಣೆಯೆಲ್ಲಾ ಇಳಿದು ಕೆಳಗೆ ಕೂತಿರತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಇಂಜಿನ್ನಿನ ನೆತ್ತಿ ತನಕ ಏರ್ಬೇಕು. ದಪ್ಪ ಇದ್ರೆ ಅದು ಎದ್ದು ಮೈಮುರಿಯೋ ಅಷ್ಟರಲ್ಲಿ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಬಡಿತಾ ಇರತ್ತೆ."

"ನಂಗೆ ಪಾಠ ಬೇಡ. ದಿನಾ ಕಡ್ಡಿ ಅದ್ದೋನು ನಾನು. ದಪ್ಪ ಇರೋದು ಅಸಲಿ, ತೆಳ್ಳಗಿರೋದು ಬೆರಕೆ."

"ಬಣ್ಣ ಗೋಡೆ ಮೇಲೆ ನಿಲ್ಬೇಕು ಸಾಹುಕಾರ್ರೇ, ಎಣ್ಣೆ ಓಡ್ಬೇಕು. ಎರಡಕ್ಕೂ ಒಂದೇ ಕಡ್ಡಿ ಹಿಡಿದ್ರೆ ಹೇಗೆ?"

ಅಂಗಡಿಯಲ್ಲಿದ್ದ ಗಿರಾಕಿಗಳು ಕಿಸಕ್ಕೆಂದರು. ಅಲ್ಲೇ ಆದದ್ದು ಅನಾಹುತ. ನಮ್ಮವರಿಗೆ ನಷ್ಟವಾದರೂ ಸಹಿಸಿಯಾರು, ನಾಲ್ಕು ಜನರ ಮುಂದೆ ನಗೆಪಾಟಲಾಗುವುದನ್ನು ಸಹಿಸರು. ಅವರು ಗಿರಾಕಿಗಳ ಕಡೆ ತಿರುಗಿ, "ನೋಡ್ಕೊಳ್ರಪ್ಪಾ, ನೀರು ಬೆರೆಸಿ ಮಾರೋ ಅಂಗಡಿ ಇದು! ಈಕೆ ಮಾತಿಗೆ ಮರುಳಾಗಿ ಗಾಡಿ ಹಾಳುಮಾಡ್ಕೋಬೇಡಿ!" ಎಂದು ಕೂಗಿದರು. ಬೋಲ್ಟಕ್ಕನ ಮುಖ ಕೆಂಪಗಾಯಿತು. ಅವಳು ಒಳಗೆ ಹೋಗಿ ಹಳೆಯ ಲಾರಿಗಳಿಗೆ ಹಾಕುವ ದಪ್ಪ ಎಣ್ಣೆಯ ಕ್ಯಾನು ತಂದು ಕುಕ್ಕಿದಳು. "ಹೇಳೋದು ಹೇಳಾಯ್ತು. ಇನ್ನು ನಿಮ್ಮ ಗಾಡಿ, ನಿಮ್ಮ ಹಣೆಬರಹ." ನಮ್ಮವರು ಗೆದ್ದವರಂತೆ ಅದನ್ನೇ ಹೊತ್ತು ತಂದು ಗಾಡಿಗೆ ಹಾಕಿಸಿದರು.

ನಾನು ಗಡಿಯಾರದವರ ಮಗಳು. ಅಪ್ಪ ಗಡಿಯಾರದ ಹಲ್ಲಿನ ಚಕ್ರಕ್ಕೆ ಬಿಡುವ ಎಣ್ಣೆ ಎಷ್ಟು ತೆಳ್ಳಗಿರುತ್ತದೆ ಎಂದು ಹುಟ್ಟಿದಾಗಿನಿಂದ ನೋಡಿದ್ದೇನೆ. ಬೋಲ್ಟಕ್ಕ ಹೇಳುವುದು ಸರಿ ಎಂದು ನನಗೆ ಅಲ್ಲೇ ಅನಿಸಿತ್ತು. ಆದರೆ ನಾಲ್ಕು ಜನರ ಮುಂದೆ ಗಂಡನ ಮಾತು ಕಡಿಯುವುದು ಬೇಡ ಎಂದು ತುಟಿ ಹೊಲಿದುಕೊಂಡು ನಿಂತೆ. ಮಾರನೆಯ ದಿನ ಅಪ್ಪ, "ಎಣ್ಣೆ ಹಾಕ್ಸಿದ್ರಾ?" ಎಂದು ಕೇಳಿದಾಗ ನಮ್ಮವರು, "ಹಾಕ್ಸಿದೆ ಮಾವ, ಪುಸ್ತಕದಲ್ಲಿರೋದೇ" ಎಂದರು. ಆಗಲೂ ನಾನು ಕಾಫಿ ಸೋಸುತ್ತಾ ಅಲ್ಲೇ ಇದ್ದೆ.

ಚಳಿ ಶುರುವಾಗುವವರೆಗೆ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಿಟಕಿಯ ಗಾಜು ಮಂಜುಗಟ್ಟಿದ್ದ ಹೊತ್ತಿನಲ್ಲಿ ನಮ್ಮವರು ಗಾಡಿಯ ಕೀಲಿ ತಿರುಗಿಸಿದರು. ಟಕಟಕಟಕಟಕ! ಯಾರೋ ಬಾನೆಟ್ಟಿನ ಕೆಳಗೆ ಕೂತು ಚಮಚದಿಂದ ತಟ್ಟೆ ಬಡಿಯುತ್ತಿದ್ದಾರೇನೋ ಎನ್ನಬೇಕು. ಸ್ವಲ್ಪ ಹೊತ್ತಿಗೆ ಶಬ್ದ ಇಳಿಯುತ್ತಾ ಬಂದು ಪೂರ್ತಿ ಅಡಗಿತು. ಇಂಜಿನ್ನು ಏನೂ ಆಗಿಲ್ಲವೆಂಬಂತೆ ಗುಂಯ್ ಎನ್ನತೊಡಗಿತು. ಮರುದಿನವೂ ಹಾಗೇ. ಚಳಿ ಜೋರಾದಂತೆ ಅದು ಅಡಗುವ ಹೊತ್ತೂ ಉದ್ದವಾಯಿತು. ಎದುರು ಮನೆಯ ಬಸ್ ಕಂಡಕ್ಟರ್, "ಏನ್ ಸಾರ್, ಬಣ್ಣ ಬಿಟ್ಟು ಟೈಪಿಂಗ್ ಕ್ಲಾಸ್ ಇಟ್ರಾ?" ಎಂದು ಕೇಳಿಯೂಬಿಟ್ಟರು.

"ರೀ, ಎಣ್ಣೆ ಬದಲಾಯಿಸಿ" ಎಂದೆ.

"ಚಳಿಗೆ ಮನುಷ್ಯರ ಹಲ್ಲೇ ಕಟಕಟ ಅನ್ನತ್ತೆ. ಗಾಡಿದೇನು ಮಹಾ?"

"ಬೋಲ್ಟಕ್ಕ ಹೇಳಿದ್ದು..."

"ಅವಳ ಹೆಸರೆತ್ತಬೇಡ. ಹಳೇ ಗಾಡಿ, ಶಬ್ದ ಮಾಡತ್ತೆ. ಮೊದ್ಲಿಂದ್ಲೂ ಇತ್ತೇನೋ. ನಾವು ಗಮನಿಸಿಲ್ಲ ಅಷ್ಟೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯ ಕಾಲು ತೋರಿಸಲು ಹೋಗಬಾರದು. ಬೇರೆ ಅಂಗಡಿಯಲ್ಲಿ ಗುಟ್ಟಾಗಿ ತೆಳ್ಳಗಿನ ಎಣ್ಣೆ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ತಂದರೆ ಕಡ್ಡಿ ಸೋತಂತೆ. ಅದು ಅವರ ಕೈಲಾಗದು. ಬದಲಿಗೆ ಅವರೊಂದು ಉಪಾಯ ಮಾಡಿದರು. ಅಪ್ಪ ದಿನಾ ಬೆಳಿಗ್ಗೆ ತಮ್ಮ ವಾಕಿಂಗ್ ಮುಗಿಸಿ ನಮ್ಮಲ್ಲಿಗೆ ಕಾಫಿಗೆ ಬರುತ್ತಿದ್ದರು. ಅವರು ಬರುವುದಕ್ಕೆ ಎಷ್ಟೋ ಮೊದಲೇ ಎದ್ದು, ಶಾಲು ಹೊದ್ದು, ಗಾಡಿ ಸ್ಟಾರ್ಟ್ ಮಾಡಿ, ಟಕಟಕ ಅಡಗಿಸಿ, ಇಂಜಿನ್ನು ಬಿಸಿಮಾಡಿಟ್ಟು ಬರತೊಡಗಿದರು. ಮದುವೆಯಾದಾಗಿನಿಂದ ನಾನು ಎಬ್ಬಿಸದೆ ಏಳದ ಮನುಷ್ಯ! ತಪ್ಪು ಮುಚ್ಚಿಡಲು ಮಾಡಿದ ಆ ಶ್ರಮದ ಅರ್ಧದಷ್ಟು ಸಾಕಿತ್ತು ಎಣ್ಣೆ ಬದಲಿಸುವುದಕ್ಕೆ.

ಒಂದು ದಿನ ಅವರಿಗೆ ಎಚ್ಚರವಾಗಲಿಲ್ಲ. ಎದ್ದು ದಡಬಡಿಸಿ ಓಡಿ ಕೀಲಿ ತಿರುಗಿಸುವುದಕ್ಕೂ ಅಪ್ಪ ಗೇಟಿಗೆ ಬರುವುದಕ್ಕೂ ಸರಿಹೋಯಿತು. ನಾನು ಬಾಗಿಲಲ್ಲಿದ್ದೆ. ಗಾಡಿ ಟಕಟಕ ಬಡಿದುಕೊಳ್ಳುತ್ತಿತ್ತು. ಅಪ್ಪ ಗೇಟಿನ ಚಿಲಕದ ಮೇಲೆ ಕೈಯಿಟ್ಟವರು ಹಾಗೇ ನಿಂತರು. ತಲೆ ಒಂದು ಪಕ್ಕಕ್ಕೆ ವಾಲಿತು, ಗಡಿಯಾರಕ್ಕೆ ಕಿವಿ ಹಚ್ಚುವಾಗ ವಾಲುವ ಹಾಗೆ.

"ಏನದು ಶಬ್ದ?"

ನಮ್ಮವರು ಗಾಡಿಯಿಂದಿಳಿದರು. ಅವರ ಬಾಯಿಂದ, ತಮಗೆ ತಾವೇ ಇಷ್ಟು ದಿನ ಹೇಳಿಕೊಂಡು ಬಂದ ಮಾತೇ ಹೊರಬಿತ್ತು.

"ಅದಾ ಮಾವ? ಅದು ಮೊದ್ಲಿಂದ್ಲೂ ಇತ್ತಲ್ಲ. ನಿಮ್ಮ ಹತ್ರ ಇದ್ದಾಗ್ಲೂ ಇತ್ತು."

"ಇತ್ತಾ?"

"ಇತ್ತು ಮಾವ. ನಿಮಗೆ ಕೇಳಿಸಿರಲಿಲ್ವೇನೋ."

ಅಪ್ಪ ನನ್ನ ಕಡೆ ನೋಡಿದರು. "ಇತ್ತೇನಮ್ಮಾ?" ಎಂದರು. ನಾನು ಒಲೆಯ ಮೇಲಿನ ಹಾಲು ಉಕ್ಕುತ್ತಿದೆ ಎನ್ನುವ ಹಾಗೆ ಒಳಗೆ ತಿರುಗಿದೆ. ಹಾಲು ಉಕ್ಕುತ್ತಿರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ಅಷ್ಟರಲ್ಲಿ ಎಣ್ಣೆ ಮೇಲೇರಿತೆಂದು ಕಾಣುತ್ತದೆ, ಟಕಟಕ ನಿಂತಿತು. ಹೊರಗಿನಿಂದ ಅಪ್ಪನ ದನಿ ಕೇಳಿತು.

"ಈಗ ಅದು ನಿಂತಿತಾ ಅಳಿಯಂದ್ರೇ, ಇಲ್ಲಾ ನಂಗೆ ಕೇಳಿಸ್ತಿಲ್ವಾ?"

"ನಿಂತಿತು ಮಾವ" ಎಂದರು ನಮ್ಮವರು. ಅಂದು ಅವರ ಬಾಯಿಂದ ಬಂದ ನಿಜ ಅದೊಂದೇ.

ಅಪ್ಪ ಕಾಫಿ ಕುಡಿಯದೆ ಹೋದರು. ಅವರು ಗೇಟು ದಾಟುವುದನ್ನೇ ಕಾದು ನಾನು ನಮ್ಮವರ ಮೇಲೆ ಹರಿಹಾಯ್ದೆ. "ಎಂಥಾ ಬಾಯಿ ರೀ ನಿಮ್ದು? ಅವರ ಕಿವಿ ಸರಿಯಿಲ್ಲ ಅಂದುಬಿಟ್ರಲ್ಲ!" "ನಾನೆಲ್ಲಿ ಹಾಗಂದೆ?" "ಇನ್ನೇನಂದ್ರಿ? ಹೋಗಿ ಹೇಳಿ ಬನ್ನಿ ಈಗ್ಲೇ." "ನಾಳೆ ಕಾಫಿಗೆ ಬರ್ತಾರಲ್ಲ, ಹೇಳ್ತೀನಿ. ಒಂದು ಗಾಡಿ ಶಬ್ದಕ್ಕೆ ಇಷ್ಟು ರಂಪ ಮಾಡ್ತೀಯಲ್ಲ." ನಾನೇ ಓಡಿಹೋಗಿ ಹೇಳಬಹುದಿತ್ತು. ಮಾಡಿದವರ ಬಾಯಲ್ಲೇ ಬರಲಿ ಎಂದು ಹಟ ಹಿಡಿದು ಕೂತೆ. ಅದು ಹಟವೋ, ನಾನು ಒಳಗೆ ತಿರುಗಿಕೊಂಡದ್ದರ ನಾಚಿಕೆಯೋ, ಈಗ ಬಿಡಿಸಿ ಹೇಳಲಾರೆ.

ಮರುದಿನ ಅಪ್ಪ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಫೋನ್ ಮಾಡಿದರೆ ಅಮ್ಮ, "ಅದೇನಾಗಿದೆಯೋ, ನಂಗೆ ಜೋರಾಗಿ ಮಾತಾಡು ಅಂತಾರೆ. ಇಷ್ಟು ವರ್ಷ ಮೆಲ್ಲಗೆ ಮಾತಾಡು ಅಂತಿದ್ರು" ಎಂದಳು. ಕಿವಿ ಡಾಕ್ಟರಿಗೆ ತೋರಿಸಿ ಎಂದು ಅವಳು ಅಂದದ್ದಕ್ಕೆ ಅಪ್ಪ, "ವಯಸ್ಸಾಯ್ತು ಅನ್ನೋದನ್ನ ಕೇಳಕ್ಕೆ ಅಲ್ಲೀವರೆಗೂ ಯಾಕೆ ಹೋಗ್ಬೇಕು" ಎಂದರಂತೆ.

ನಾನು ಅವರ ಅಂಗಡಿಗೆ ಹೋದೆ. ಅಪ್ಪ ಒಂದು ಗೋಡೆ ಗಡಿಯಾರವನ್ನು ಒಂದು ಕಿವಿಗೆ ಹಚ್ಚಿಕೊಂಡು, ತೆಗೆದು, ಇನ್ನೊಂದು ಕಿವಿಗೆ ಹಚ್ಚಿಕೊಂಡು ಕೂತಿದ್ದರು. ಆಮೇಲೆ ಅದನ್ನು ಪಕ್ಕದ ಬೀಗದವನ ಕಡೆ ಚಾಚಿದರು. "ಸರಿಯಾಗಿ ಬಡಿತಿದೆಯಾ ನೋಡಪ್ಪಾ, ಕುಂಟ್ತಾ ಇದೆಯಾ?" ಬೀಗದವನು ನಕ್ಕು, "ನಂಗೇನ್ ಗೊತ್ತಾಗತ್ತೆ ಯಜಮಾನ್ರೇ, ನಿಮಗೆ ಕೇಳ್ದೇ ಇರೋದು ನಂಗೆ ಕೇಳತ್ತಾ?" ಎಂದ. ಅವನು ಹೇಳಿದ್ದು ಗೌರವದ ಮಾತೇ. ಅಪ್ಪನ ಮುಖ ನೋಡಲಾಗಲಿಲ್ಲ.

ಮೇಜಿನ ಕೆಳಗೆ, ಕಪಾಟಿನ ಮೇಲೆ, ನೆಲದ ಮೇಲೆ ಗಡಿಯಾರಗಳು. ಇಷ್ಟೊಂದು ಕೆಲಸ ಅಪ್ಪನಿಗೆ ಒಟ್ಟಿಗೆ ಬಂದದ್ದೇ ಇಲ್ಲ.

"ಏನಪ್ಪಾ ಇಷ್ಟೊಂದು?"

"ಹೊಸದಲ್ಲಮ್ಮ. ಈಚೆಗೆ ನಾನೇ ಸರಿಮಾಡಿ ಕೊಟ್ಟಿದ್ದು. ವಾಪಸ್ ತರ್ತಾ ಇದೀನಿ." ಅವರು ಒಂದು ಗಡಿಯಾರದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. "ಗಾಡಿ ದಿನಾ ಬೆಳಿಗ್ಗೆ ಅಷ್ಟು ಜೋರಾಗಿ ಬಡ್ಕೊಳ್ತಿತ್ತು, ಅದರಲ್ಲೇ ಕೂತೋನಿಗೆ ಕೇಳಿಸ್ಲಿಲ್ಲ. ಅವತ್ತು ಗೇಟಲ್ಲಿ ಹೇಗೋ ಕೇಳಿತು, ಅದೂ ಅರ್ಧಕ್ಕೆ ನಿಂತುಹೋಯ್ತು. ಇನ್ನು ಗಡಿಯಾರ ಹೇಗೆ ಕೇಳಿಸಿರತ್ತೆ? ಎಷ್ಟು ಜನರ ಗೋಡೆ ಮೇಲೆ ಕುಂಟು ಬಿಟ್ಟು ಬಂದಿದೀನೋ. ಪಾಪ, ನಂಬಿ ಕೊಟ್ಟಿದ್ರು."

ಅಳಿಯ ಸುಳ್ಳು ಹೇಳಿರಬಹುದು ಎಂಬ ಯೋಚನೆ ಅಪ್ಪನ ಹತ್ತಿರವೂ ಸುಳಿದಿರಲಿಲ್ಲ. ಅದಕ್ಕಿಂತ ಮೊದಲು ತಮ್ಮ ಕಿವಿ ಕೆಟ್ಟಿದೆ ಎಂಬುದನ್ನು ನಂಬಿಬಿಟ್ಟಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ ಹೇಳಲಿಲ್ಲ. "ನಿಮ್ಮ ಕಿವಿಗೆ ಏನೂ ಆಗಿಲ್ಲಪ್ಪ" ಎಂದೆ. ಅಪ್ಪ ಮಗುವಿನ ಮಾತು ಕೇಳಿದವರಂತೆ ನಕ್ಕರು. ಸಮಾಧಾನಕ್ಕೆ ಯಾರು ಬೇಕಾದರೂ ಹೇಳುವ ಮಾತು ಅದು.

ಅಲ್ಲಿಂದ ನೇರ ಬಣ್ಣದಂಗಡಿಗೆ ನಡೆದೆ. ಇವತ್ತು ಕಡ್ಡಿ ಸಾಹುಕಾರರ ಕಡ್ಡಿ ಮುರಿದೇ ಮನೆಗೆ ಹೋಗುವುದು ಎಂದುಕೊಂಡು ಹೋದರೆ, ಅಲ್ಲಿ ನನಗಿಂತ ಮೊದಲೇ ಗ್ರಂಥಾಲಯದ ಮೇಡಂ ನಿಂತಿದ್ದರು. ಕಿಟಕಿಗೆ ಬಣ್ಣ ಕೊಳ್ಳಲು ಬಂದವರು.

"ನಿಮ್ಮ ಮಾವನವರಿಗೆ ಮೈ ಹುಷಾರಿಲ್ವಾ?" ಎಂದು ಅವರು ನಮ್ಮವರನ್ನು ಕೇಳುತ್ತಿದ್ದರು. "ನಿನ್ನೆ ಬಂದಿದ್ರು. ಓದೋಕೆ ಕೂತಿದ್ದ ಅಷ್ಟು ಜನರ ಮುಂದೆ, ಆ ಮಂಡಿ ಇಟ್ಕೊಂಡು ಕುರ್ಚಿ ಹತ್ತಿ, ನಮ್ಮ ಗಡಿಯಾರ ಇಳಿಸ್ಕೊಂಡ್ರು. ಕ್ಷಮಿಸಿ ತಾಯಿ, ನನ್ನ ಕಿವಿ ಸರಿಯಿಲ್ಲ, ಇದನ್ನ ತಪ್ಪಾಗಿ ಮಾಡಿಕೊಟ್ಟಿದೀನಿ, ಬೇರೆಯವರ ಹತ್ರ ನೋಡಿಸಿ ತಂದುಕೊಡ್ತೀನಿ ಅಂದ್ರು. ಗಡಿಯಾರ ಚೆನ್ನಾಗೇ ಓಡ್ತಿತ್ತಲ್ರೀ! ಕೈ ಮುಗಿಯಕ್ಕೆ ಬಂದ್ರು ನಂಗೆ. ನನ್ನ ತಂದೆ ವಯಸ್ಸಿನವರು. ನಂಗೆ ಹೇಗಾಗಿರಬೇಡ."

ನಮ್ಮವರು ಬಣ್ಣದ ಡಬ್ಬಿಗೆ ಅದ್ದಿದ್ದ ಕಡ್ಡಿ ಹಾಗೇ ಕೈಯಲ್ಲಿತ್ತು. ಹನಿ ಅವರ ಚಪ್ಪಲಿಯ ಮೇಲೆ ಬಿತ್ತು, ನೋಡಲಿಲ್ಲ. ನಾನು ಹೊತ್ತು ತಂದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಮೇಡಂ ಹೋದ ಮೇಲೆ ಅವರು ನನ್ನನ್ನು ನೋಡಿ, "ಕೈ ಮುಗಿಯಕ್ಕೆ ಹೋದ್ರಂತೆ ಕಣೇ" ಎಂದರು. ಆಮೇಲೆ ಕಡ್ಡಿಯನ್ನು ಡಬ್ಬಿಯೊಳಗೇ ಬಿಟ್ಟು ಅಂಗಡಿಯ ಬಾಗಿಲೆಳೆದರು.

ಅಂದೇ ಅವರು ಬೋಲ್ಟಕ್ಕನ ಅಂಗಡಿಗೆ ಹೋದರು, ನನ್ನನ್ನೂ ಕರೆದುಕೊಂಡು. ಅಲ್ಲಿ ಸಂಜೆಯ ಜನ ತುಂಬಿತ್ತು. ಜನ ಕರಗಲಿ ಎಂದು ಅವರು ಹೊರಗೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಅದೊಂದನ್ನು ಮೆಚ್ಚಿದೆ. "ಅವತ್ತು ಕೊಟ್ಟಿದ್ರಲ್ಲ, ಐದರದ್ದು... ಅದನ್ನ ಕೊಡಿ" ಎಂದರು. ದನಿ ಅವರದಲ್ಲವೇನೋ ಎನ್ನುವಷ್ಟು ಸಣ್ಣದಾಗಿತ್ತು.

"ಯಾವುದು? ನೀರು ಬೆರೆಸಿದ್ದಾ?" ಎಂದಳು ಬೋಲ್ಟಕ್ಕ, ಎಲ್ಲರಿಗೂ ಕೇಳುವ ಹಾಗೆ.

"ಬೆರೆಸಿಲ್ಲ ನೀವು. ನಾನು ಬಾಯಿಗೆ ಬಂದ ಹಾಗೆ ಅಂದೆ. ತಪ್ಪಾಯ್ತು."

ಬೋಲ್ಟಕ್ಕ ಕ್ಯಾನು ತಂದಿಟ್ಟಳು, ಪೆನ್ಸಿಲ್ಲನ್ನೂ ಅದರ ಪಕ್ಕ ಇಟ್ಟಳು. "ಅದ್ದಿ ನೋಡ್ಕೊಂಡೇ ತಗೊಳ್ಳಿ." ಹಿಂದೆ ಯಾರೋ ನಕ್ಕರು. ನಮ್ಮವರ ಕಿವಿ ತುದಿ ಕೆಂಪಾದದ್ದು ನನಗೆ ಹಿಂದಿನಿಂದ ಕಂಡಿತು. ಅವರು ಪೆನ್ಸಿಲ್ ಮುಟ್ಟದೆ ಕ್ಯಾನು ಎತ್ತಿಕೊಂಡರು. ಗ್ಯಾರೇಜಿನವನು ದಪ್ಪ ಎಣ್ಣೆ ಇಳಿಸಿ, ಸೋಸುವ ಫಿಲ್ಟರ್ ಬದಲಿಸಿ, ಹೊಸದನ್ನು ಸುರಿದ. ಮರುದಿನ ಬೆಳಿಗ್ಗೆ, ಆ ಚಳಿಗಾಲದಲ್ಲೇ ಕೆಟ್ಟ ಚಳಿಯಲ್ಲಿ, ಗಾಡಿ ಬೆಕ್ಕು ಎದ್ದ ಹಾಗೆ ಎದ್ದಿತು. ನಮ್ಮವರ ಮುಖದಲ್ಲಿ ನಗು ಬಂತು. ಆ ನಗು ಕಂಡಾಗಲೇ ನನಗೆ ಅನುಮಾನವಾಗಬೇಕಿತ್ತು.

"ಮಾವನ್ನ ಕರೆಸ್ತೀನಿ. ಬಂದು ಕೇಳ್ಲಿ. ಸರಿಹೋಗಿದೆ ಅಂತ ಅವರಿಗೇ ಗೊತ್ತಾಗತ್ತೆ."

"ಮತ್ತೆ ಹೇಳಬೇಕಾಗಿರೋದು?"

"ಮೊದ್ಲು ಕೇಳ್ಲಿ. ಆಮೇಲೆ ನೋಡೋಣ."

ಅಂಗಡಿಯವಳ ಮುಂದೆ ತಪ್ಪಾಯಿತು ಎಂದ ಬಾಯಿಗೆ ಮಾವನ ಮುಂದೆ ಅನ್ನಲು ಇನ್ನೂ ಧೈರ್ಯ ಸಾಲದಾಗಿತ್ತು. ಎಣ್ಣೆಯ ಹಾಗೆ ಸುಳ್ಳನ್ನೂ ಕೆಳಗಿನಿಂದ ಇಳಿಸಿಬಿಡಬಹುದು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದರು. ನಿಜ ಹೇಳಬೇಕೆಂದರೆ, ನನಗೂ ಹಾಗಾದರೆ ಸಾಕು ಎನಿಸಿತ್ತು.

ಅದರ ಮರುದಿನ ಬೆಳಿಗ್ಗೆ ಅಪ್ಪ ಬಂದರು. ಮಫ್ಲರ್ ಸುತ್ತಿಕೊಂಡು, ಮೊದಲಿಗಿಂತ ಬಗ್ಗಿ ನಡೆಯುತ್ತಾ ಬಂದರು. ನಮ್ಮವರು ಅವರನ್ನು ಬಾನೆಟ್ಟಿನ ಪಕ್ಕದಲ್ಲೇ ನಿಲ್ಲಿಸಿ, ಒಳಗೆ ಕೂತು ಕೀಲಿ ತಿರುಗಿಸಿದರು. ರಾತ್ರಿಯೆಲ್ಲ ಹೊರಗೆ ನಿಂತಿದ್ದ ಗಾಡಿ ಒಂದೇ ಸಲಕ್ಕೆ ಹತ್ತಿಕೊಂಡಿತು. ಟಕ್ ಎನ್ನಲಿಲ್ಲ. ನಮ್ಮವರು ಗಾಜು ಇಳಿಸಿ, "ಹೇಗಿದೆ ಮಾವ?" ಎಂದರು.

ಅಪ್ಪ ತಲೆ ವಾಲಿಸಿದರು. ಇನ್ನೊಂದು ಪಕ್ಕಕ್ಕೆ ತಿರುಗಿ ಬಗ್ಗಿದರು. ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದರು.

"ಆ ಟಕಟಕ ಈಗ ಬರ್ತಿದೆಯಾ ಅಳಿಯಂದ್ರೇ?"

"ಇಲ್ಲ ಮಾವ! ಹೋಯ್ತು!"

"ಮೊದ್ಲಿಂದ್ಲೂ ಇದ್ದಿದ್ದು ಒಂದು ರಾತ್ರೀಲಿ ಹೇಗೆ ಹೋಗತ್ತೆ?" ಅಪ್ಪ ಮೆಲ್ಲಗೆ ಅಂದರು. "ನನ್ನ ಸಮಾಧಾನಕ್ಕೆ ಹೇಳ್ಬೇಡಿ. ಇಂಜಿನ್ನಿನ ಗುಂಯ್ ಅನ್ನೋದು ಕೇಳ್ತಿದೆ. ಆ ಬಡಿತ ಕೇಳ್ತಿಲ್ಲ. ಅವತ್ತು ಕೇಳಿತ್ತು." ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. "ಈಗ ಅದೂ ಹೋಯ್ತು."

ನಮ್ಮವರ ನಗು ಹೇಗೆ ಇಳಿಯಿತು ಎಂದು ಹೇಳಲಾರೆ. ಗಾಡಿ ಆಫ್ ಮಾಡಿ ಇಳಿದರು. ಬಾನೆಟ್ಟಿಗೆ ಆನಿಕೊಂಡರು.

"ಮಾವ, ಶಬ್ದ ಇಲ್ಲ. ನಿಜವಾಗ್ಲೂ ಇಲ್ಲ. ಮೊದ್ಲೂ ಇರ್ಲಿಲ್ಲ. ನೀವು ಕೊಟ್ಟಾಗ ಇರ್ಲಿಲ್ಲ. ನಾನು ಲಾರಿ ಎಣ್ಣೆ ಹಾಕ್ಸಿದ್ದೆ, ದಪ್ಪ ಇದ್ರೆ ಒಳ್ಳೇದು ಅಂತ. ಅದಕ್ಕೇ ಬಂದಿದ್ದು. ಅವತ್ತು ಗೇಟಲ್ಲಿ ನಿಮಗೆ ಸುಳ್ಳು ಹೇಳ್ದೆ. ನಿಮ್ಮ ಕಿವಿಗೆ ಏನೂ ಆಗಿಲ್ಲ. ಮೊನ್ನೆ ಎಣ್ಣೆ ಬದಲಾಯಿಸ್ದೆ, ಶಬ್ದ ಹೋಯ್ತು. ತಪ್ಪಾಯ್ತು ಮಾವ."

ಅಪ್ಪ ಅವರ ಭುಜ ತಟ್ಟಿದರು. "ನೀವು ಒಳ್ಳೆಯವರು ಅಳಿಯಂದ್ರೇ. ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದೀರಿ."

ನಂಬಲಿಲ್ಲ! ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ನಿಜವನ್ನು ನಂಬಲಿಲ್ಲ. ನಮ್ಮವರು, "ಇಲ್ಲ ಮಾವ, ದೇವರಾಣೆಗೂ..." ಎಂದು ತೊದಲಿದರು. ಕಣ್ಣಲ್ಲಿ ನೀರು ಬಂದಿತ್ತು. ಅಪ್ಪನಿಗೆ ಅದೂ ಕರುಣೆಯ ನೀರಿನ ಹಾಗೆಯೇ ಕಂಡಿರಬೇಕು. ಅಂಗಳದಲ್ಲಿ ಒಬ್ಬರ ಮುಂದೊಬ್ಬರು ತಲೆ ತಗ್ಗಿಸಿ ನಿಂತ ಅವರಿಬ್ಬರನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು ಹೋದೆ.

"ಅವರು ಹೇಳ್ತಿರೋದು ನಿಜ ಅಪ್ಪ. ಎಣ್ಣೆ ತಗೊಳ್ಳುವಾಗ ನಾನೂ ಜೊತೆಗಿದ್ದೆ. ತೆಳ್ಳಗಿರೋದೇ ಸರಿ ಅಂತ ನಂಗೆ ಗೊತ್ತಿತ್ತು. ಗಾಡಿ ನಿಮ್ಮ ಹತ್ರ ಇದ್ದಾಗ ಒಂದು ದಿನಾನೂ ಟಕ್ ಅಂದಿಲ್ಲ."

ಅಪ್ಪ ನನ್ನನ್ನು ನೋಡಿದರು. ನಂಬಿದರು ಎಂದು ಅವರ ಮುಖದಲ್ಲೇ ಕಂಡಿತು. ಬೆನ್ನು ಸ್ವಲ್ಪ ನೆಟ್ಟಗಾಯಿತು. ಗಡಿಯಾರದ ಅಂಗಡಿ, ಗಡಿಯಾರಗಳು, ಕಿವಿ, ಎಲ್ಲವೂ ಅವರಿಗೆ ವಾಪಸ್ ಸಿಕ್ಕಿತು ಎಂದು ನಾನು ಉಸಿರುಬಿಡುವಷ್ಟರಲ್ಲಿ ಅವರು ಕೇಳಿದರು.

"ಅವತ್ತು ಗೇಟಿನ ಹತ್ರ ನಿಂತು ನಾನು ನಿನ್ನ ಕೇಳ್ದೆ, ಇತ್ತೇನಮ್ಮಾ ಅಂತ. ನಿಂಗೆ ಕೇಳಿಸಿತ್ತಾ?"

ಇಲ್ಲ ಎನ್ನಬಹುದಿತ್ತು. ಒಳಗೆ ಹಾಲಿಟ್ಟಿದ್ದೆ ಎನ್ನಬಹುದಿತ್ತು.

"ಕೇಳಿಸಿತ್ತಪ್ಪ" ಎಂದೆ.

ಅಪ್ಪ ತಲೆಯಾಡಿಸಿದರು. ಮಫ್ಲರನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

"ಹಾಗಾದ್ರೆ ಈ ಮನೇಲಿ ಯಾರ ಕಿವೀನೂ ಕೆಟ್ಟಿಲ್ಲ" ಎಂದು ಹೇಳಿ, ಕಾಫಿಗೂ ನಿಲ್ಲದೆ, ಗೇಟು ತೆಗೆದುಕೊಂಡು ನಡೆದುಹೋದರು.